ಹಂಚಿ ತಿನ್ನುವ ಕಾಯಿ

ಹೊರಮಾವು
12 ಫೆಬ್ರುವರಿ 2024

ಮಗಳೇ ಹಂಸ,

ಫೋನು ಮಾಡಿದರೆ ಒಂದು ಸಲ ಕೂಗಿ ಸುಮ್ಮನಾಗುತ್ತದೆ. ಕೆಳಮನೆ ಬಾಡಿಗೆಗಿರುವ ಟೀಚರು ನಾಜಿಶ್ ನೋಡಿ, "ಅಜ್ಜಿ, ನಿಮ್ ನಂಬರ್ ಬ್ಲಾಕ್ ಮಾಡಿದಾರೆ" ಅಂದಳು. ಹಾಗಂದರೆ ಗೋಡೆ ಎಂದು ನಾನೇ ಅರ್ಥ ಮಾಡಿಕೊಂಡೆ. ಗೋಡೆ ಇದ್ದರೇನು, ಅಂಚೆಯವನಿಗೆ ಗೇಟು ತೆಗೆಯುತ್ತಾರಲ್ಲ. ಹೊರಮಾವಿನಿಂದ ಜೀವನ್ ಬಿಮಾ ನಗರಕ್ಕೆ ಕಾಗದ ಬರೆಯುವ ತಾಯಿ ನಾನೊಬ್ಬಳೇ ಇರಬೇಕು. ನೀನು ಶಾಲೆಯಿಂದ ಬಂದು ಬ್ಯಾಗು ಎಸೆದ ಮೇಲೆ ನಿನ್ನ ಒಂದನೇ ಕ್ಲಾಸಿನ ಪುಸ್ತಕ ತೆಗೆದುಕೊಂಡು ಕಲಿತ ಅಕ್ಷರ ಇವು. ಒತ್ತು ದೀರ್ಘ ತಪ್ಪಿದ್ದರೆ ತಿದ್ದಿಕೊಂಡು ಓದು.

ಮೊದಲು ಕ್ಷೇಮ ಬರೆಯಬೇಕು. ಯಾರ ಕ್ಷೇಮ ಬರೆಯಲಿ? ನಿಮ್ಮಪ್ಪ ಹೋದರು. ಅವರ ತಿಥಿಯ ದಿನ ಎಲೆ ಮುಂದೆ ಕೂತಿದ್ದ ಮಹಡಿಯ ಇಕೆನ್ನನನ್ನು ಪೊಲೀಸರು ಎಬ್ಬಿಸಿಕೊಂಡು ಹೋದರು. ಅವನ ಕೈಯಲ್ಲಿ ಇನ್ನೂ ಅನ್ನವಿತ್ತು. "ಕೈ ತೊಳ್ಕೊಳ್ಳಲಾ ಸರ್?" ಎಂದು ಕೇಳಿದ. ಆಸ್ಪತ್ರೆಯಲ್ಲೇ ನೀನು ಬರೆದುಕೊಟ್ಟಿದ್ದೆಯಂತೆ, ಮಹಡಿಯ ಬಾಡಿಗೆಯವನು ವಿಷದ ಕಾಯಿ ತಿನ್ನಿಸಿ ನಮ್ಮಪ್ಪನನ್ನು ಕೊಂದ ಎಂದು.

ಆ ಕಾಯಿ ಮನೆಗೆ ಬಂದ ದಿನ ನೀನಿರಲಿಲ್ಲ. ಅದನ್ನು ಹೇಳುತ್ತೇನೆ, ಕೇಳು.

ಸಂಕ್ರಾಂತಿಯ ದಿನ ಎಳ್ಳುಬೆಲ್ಲ ಕೊಡಲು ಮಹಡಿಗೆ ಹೋಗಿದ್ದೆ. ಸ್ವಲ್ಪ ಹೊತ್ತಿಗೆ ಇಕೆನ್ನ ಬಿಳಿ ಅಂಗಿ ತೊಟ್ಟುಕೊಂಡು, ತಟ್ಟೆಯ ಮೇಲೆ ಏನನ್ನೋ ಇಟ್ಟುಕೊಂಡು ಇಳಿದು ಬಂದ. ಅವನ ತಂಗಿಯ ಮದುವೆಯದಂತೆ. ನೈಜೀರಿಯಾದಿಂದ ಯಾರದೋ ಕೈಯಲ್ಲಿ ಅವರಮ್ಮ ಕಳಿಸಿದ್ದರು. ಹಸಿರೆಲೆಯಲ್ಲಿ ಸುತ್ತಿದ್ದ ಕಾಯಿಗಳು, ಕೆಲವು ಕೆಂಪು, ಕೆಲವು ಬಿಳುಪು, ಹಲಸಿನ ಬೀಜಕ್ಕಿಂತ ದಪ್ಪ. ನಿಮ್ಮಪ್ಪ ಕನ್ನಡಕ ಏರಿಸಿ ನೋಡಿದರು.

"ಏನೋ ಇದು ಇಕ್ಕಣ್ಣ, ಅಡಿಕೆನಾ?"

"ಅಡಿಕೆ ಅಲ್ಲ ತಾತ, ಕೋಲಾ. ನಮ್ ಭಾಷೇಲಿ ಓಜಿ. ಮನೇವ್ರು ಬಂದೋರಿಗೆ ಕೊಡೋದು ನಮ್ ಪದ್ಧತಿ. ನಿಮ್ಮನೇಲಿ ಇರಲ್ವಲ್ಲ, ಅದಕ್ಕೆ ನಾನೇ ತಂದೆ. ದೊಡ್ಡೋರು ಪ್ರಾರ್ಥನೆ ಮಾಡ್ಬೇಕು. ಆದ್ರೆ ಇಂಗ್ಲಿಷಲ್ಲಿ ಮಾಡೋಹಂಗಿಲ್ಲ. ಕೋಲಾಗೆ ಇಂಗ್ಲಿಷ್ ಬರಲ್ಲ."

"ಹಂಗಾದ್ರೆ ನನ್ ಪಾರ್ಟಿನೇ ಅದು. ಕನ್ನಡ ಬರುತ್ತೇನೋ?"

"ಕಲೀತದೆ ತಾತ. ನಾನು ಕಲೀಲಿಲ್ವಾ?"

ನಿಮ್ಮಪ್ಪ ನಕ್ಕು ನಕ್ಕು ಕೆಮ್ಮಿದರು. ಆಮೇಲೆ ಎದ್ದು ನಿಂತು, ಮುನೇಶ್ವರನನ್ನು ನೆನೆದು, ಅವನ ತಂಗಿಯ ಹೊಟ್ಟೆ ತಣ್ಣಗಿರಲಿ, ಇವನು ಪರೀಕ್ಷೆ ಪಾಸಾಗಲಿ, ನಮ್ಮ ಶ್ವೇತಂಗೆ ಜ್ವರ ಬಿಡಲಿ ಎಂದರು. ನಿನ್ನ ಮಗಳನ್ನೂ ಸೇರಿಸಿದರು. ಇಕೆನ್ನ ಕಾಯಿ ಬಿಡಿಸಿದ. ನಾಲ್ಕು ಹೋಳಾಯಿತು. ಅವರ ಕಡೆ ವಾರಕ್ಕೆ ನಾಲ್ಕೇ ಸಂತೆ ದಿನವಂತೆ, ನಾಲ್ಕು ಹೋಳು ಬಂದರೆ ಒಳ್ಳೆಯದಂತೆ. ಚೂರು ಚೂರು ಮಾಡಿ ಎಲ್ಲರಿಗೂ ಹಂಚಿದ. ಬೇವಿನಷ್ಟು ಕಹಿ. ನಾನು ಉಗಿಯಬೇಕೆಂದಿದ್ದೆ, ಅವನ ಮುಖ ನೋಡಿ ನುಂಗಿದೆ. ಮೇಲೆ ನೀರು ಕುಡಿದರೆ ನೀರೇ ಸಿಹಿ.

ತಲೆನೋವಿಗೆ, ಹಸಿವು ಅಡಗಿಸುವುದಕ್ಕೆ, ಬಸುರಿಯರ ವಾಂತಿಗೆ, ದಮ್ಮಿಗೆ ಅವರಜ್ಜಿ ಇದನ್ನು ಕೊಡುತ್ತಿದ್ದರಂತೆ. ದಮ್ಮು ಎಂದಾಗ ನಿಮ್ಮಪ್ಪನ ಕಿವಿ ನೆಟ್ಟಗಾಯಿತು. "ಒಂದು ಚೂರು ಅಷ್ಟೇ ತಾತ. ಹಂಚ್ಕೊಂಡು ತಿನ್ನೋದು ಇದು. ಒಬ್ನೇ ತಿಂದ್ರೆ ನಿದ್ದೆ ಕದೀತದೆ" ಎಂದ. ಅಂದದ್ದನ್ನು ನಾನು ಕಿವಿಯಾರ ಕೇಳಿದ್ದೇನೆ.

ಅವನು ವಿಷ ಕೊಡಲಿಲ್ಲ ಹಂಸ. ನೀನು ಠಾಣೆಗೆ ಹೋಗಿ, ನಿಮ್ಮಪ್ಪ ಹೋದ ದಿನ ಮಧ್ಯಾಹ್ನ ನಾವಿಬ್ಬರೂ ಫೋನಿನಲ್ಲಿ ಆಡಿದ ಮಾತನ್ನೂ ಹೇಳಿಬಿಡು. ಅರ್ಧ ಹೇಳಿ ಬಂದಿದ್ದೀಯ. ಇನ್ನರ್ಧ ಹೇಳಿದರೆ ಅವನನ್ನು ಬಿಡುತ್ತಾರೆ.

ಶ್ವೇತಳಿಗೆ ಮುತ್ತು.

ನಿನ್ನ ಅಮ್ಮ
ಮುನಿಶಾಮಮ್ಮ

&nbsp;

ಜೀವನ್ ಬಿಮಾ ನಗರ
24 ಫೆಬ್ರುವರಿ 2024

ಅಮ್ಮ,

ನಿನ್ನ ಕಾಗದ ಅತ್ತೆಯ ಕೈಗೆ ಸಿಕ್ಕಿತ್ತು. ಒಡೆದಿರಲಿಲ್ಲ, ದೇವರು ದೊಡ್ಡವನು. ಇನ್ನು ಬರೆಯಬೇಡ. ಬರೆಯಲೇಬೇಕೆಂದರೆ ಆಫೀಸಿನ ವಿಳಾಸಕ್ಕೆ ಬರಿ, ಕೆಳಗೆ ಕೊಟ್ಟಿದ್ದೇನೆ.

ಫೋನಿನಲ್ಲಿ ನಾವು ಏನು ಮಾತಾಡಿದೆವು? ಅಪ್ಪನಿಗೆ ಸುಸ್ತು ಎಂದೆ ನೀನು. ಆಸ್ಪತ್ರೆಗೆ ಕರೆದುಕೊಂಡು ಹೋಗು ಎಂದೆ ನಾನು. ಅಷ್ಟೇ. ಪೊಲೀಸರಿಗೆ ನಾನು ಹೇಳಿರುವುದೂ ಅಷ್ಟೇ.

ಬಾಡಿಗೆಗೆ ಬೇರೆ ಯಾರೂ ಸಿಗಲಿಲ್ಲವೇ ಎಂದು ನಾನು ಮೊದಲೇ ಜಗಳ ಆಡಿದ್ದೆ. ಆಗ ಅಪ್ಪ ಏನಂದರು ನೆನಪಿದೆಯಾ? "ಶಿವಾಜಿನಗರದ ಮಾರ್ಕೆಟ್ಟಲ್ಲಿ ಸೊಪ್ಪು ಮಾರಿ ನಿನ್ನ ಓದಿಸ್ದೋನು ಕಣಮ್ಮ ನಾನು, ಮನುಷ್ಯರನ್ನ ನೋಡಿದೀನಿ." ನೋಡಿದರಲ್ಲ, ಚೆನ್ನಾಗಿ.

ಅಪ್ಪ ಹೋದ ದಿನ ಮನೆಗೆ ಬಂದು ವೀಳ್ಯದ ತಟ್ಟೆಯಲ್ಲಿ ಆ ಕಾಯಿಯ ಚೂರು ನೋಡಿದಾಗ ನನಗೆ ಏನಾಯಿತು ಎಂದು ನೀನು ಒಂದು ಸಾಲಿನಲ್ಲಾದರೂ ಕೇಳಲಿಲ್ಲ. ಅವನ ಅನ್ನದ ಕೈ ನಿನಗೆ ಕಂಡಿತು.

ಹಂಸ

&nbsp;

ಹೊರಮಾವು
17 ಮಾರ್ಚ್ 2024

ಹಂಸ,

ಕೇಳಲಿಲ್ಲ, ನಿಜ. ಕೇಳುವ ಧೈರ್ಯ ಬರಲಿಲ್ಲ. ಏನಾಯಿತು ಎಂದು ನನಗೆ ಗೊತ್ತಿತ್ತು. ನಾನೂ ಅಲ್ಲೇ ಗೋಡೆಗೆ ಒರಗಿ ನಿಂತಿದ್ದೆನಲ್ಲ.

ನಿನಗೆ ಗೊತ್ತಿಲ್ಲದ್ದನ್ನು ಮೊದಲು ಬರೆಯುತ್ತೇನೆ. ಉಳಿದ ಕಾಯಿಗಳನ್ನು ಇಕೆನ್ನ ತಟ್ಟೆಯ ಸಮೇತ ನಮ್ಮ ಮುಂದೆಯೇ ಬಿಟ್ಟಿದ್ದ. ತಟ್ಟೆಯಲ್ಲಿ ಇಟ್ಟು ಮರ್ಯಾದೆಯಿಂದ ಕೊಟ್ಟದ್ದನ್ನು ನಾವು ಹಿಂದಕ್ಕೆ ಕೊಡುತ್ತೇವೆಯೇ? ವೀಳ್ಯ ಎಂದೇ ತಿಳಿದೆ. ಒದ್ದೆ ಬಟ್ಟೆ ಸುತ್ತಿ ಎಲೆಯಡಿಕೆ ತಟ್ಟೆಯಲ್ಲಿಟ್ಟೆ.

ದಮ್ಮು ಬಂದ ಮೇಲೆ ಡಾಕ್ಟರು ನಿಮ್ಮಪ್ಪನಿಗೆ ಎಲೆ, ಅಡಿಕೆ, ಹೊಗೆಸೊಪ್ಪು ಎಲ್ಲ ಬಿಡಿಸಿದ್ದರಲ್ಲ. ಬಾಯಿ ಸುಮ್ಮನಿರುತ್ತಿರಲಿಲ್ಲ ಪಾಪ, ಹಲ್ಲುಕಡ್ಡಿ ಅಗಿಯುತ್ತಾ ಕೂರುತ್ತಿದ್ದರು. ಈ ಕಾಯಿ ಬಂದದ್ದೇ ತಡ, ಅಡಕತ್ತರಿ ಹೊರಗೆ ಬಂತು. ಕಾಯಿ ಸೀಳಿ, ಎಲೆಗೆ ಸುಣ್ಣ ಬಳಿದು, ಮಡಿಸಿ ಕೆನ್ನೆಯೊಳಗೆ ಇಟ್ಟರು. ನಾನು ಬೈದರೆ, "ಡಾಕ್ಟ್ರು ಅಡಿಕೆ ತಿನ್ಬೇಡ ಅಂದ್ರು. ಇದು ಅಡಿಕೆನಾ? ನೀನೇ ಹೇಳು" ಎಂದರು. "ಎದೆ ಎಷ್ಟು ಹಗುರಾಗ್ತದೆ ಗೊತ್ತಾ? ಹಂಸಂಗೆ ಮಾತ್ರ ಹೇಳ್ಬೇಡ, ಎಲೆ ಅಂದ್ರೇನೇ ಕಿರಚ್ತಾಳೆ." ಹಗುರಾಗಿದ್ದೂ ನಿಜ. ಮೆಟ್ಟಿಲು ಹತ್ತಿ ಟೆರೇಸಿಗೆ ಹೋಗಿ ಬಂದರು, ಎಷ್ಟೋ ದಿನದ ಮೇಲೆ. ಔಷಧಿ ಹತ್ತಿತು ಎಂದುಕೊಂಡೆ. ಹಂಚಿ ತಿನ್ನುವ ಕಾಯಿಯನ್ನು ಅವರೊಬ್ಬರೇ ಬೆಳಗಿನಿಂದ ಬೈಗಿನವರೆಗೆ ಮೆದ್ದರು. ಊಟ ಬೇಡ ಎನ್ನುತ್ತಿದ್ದರು. ನಿದ್ದೆ ಹೋಯಿತು. ಕೈ ನಡುಗಲು ಶುರುವಾಯಿತು.

ಆ ದಿನ ಮಧ್ಯಾಹ್ನ ಎದೆ ಹಿಡಿದುಕೊಂಡು ಕೂತರು. ನಿನಗೆ ಫೋನು ಮಾಡಿದೆ. ನೀನು ಆಫೀಸಿನಲ್ಲಿದ್ದೆ, ಮೀಟಿಂಗು ಎಂದೆ. "ದಮ್ಮು ಜಾಸ್ತಿಯಾಗಿರತ್ತೆ ಕಣಮ್ಮ. ಆ ಬಿಳಿ ಮಾತ್ರೆ ಇನ್ನೊಂದು ಕೊಡು. ಸಾಯಂಕಾಲ ಬರ್ತೀನಿ" ಎಂದೆ. ಬೆಳಿಗ್ಗೆಯ ಮಾತ್ರೆ ಆಗಿತ್ತು. ಇನ್ನೊಂದು ಕೊಟ್ಟೆ. ಸ್ವಲ್ಪ ಹೊತ್ತಿಗೇ ಹೋಗಿಬಿಟ್ಟರು, ಆಸ್ಪತ್ರೆಗೆ ಒಯ್ದದ್ದು ನೀನು ಬಂದ ಮೇಲೆ. ಕಾಯಿಯ ವಿಷಯ ನಾನು ನಿನಗೆ ಹೇಳಲಿಲ್ಲ, ಅವರು ಬೇಡ ಎಂದಿದ್ದರಲ್ಲ. ಹೇಳಿದ್ದರೆ ನೀನು ಕೊಡು ಎನ್ನುತ್ತಿರಲಿಲ್ಲ.

ಹೋದ ವಾರ ಸರ್ವಜ್ಞನಗರದ ಡಾಕ್ಟರ್ ಸುರಯ್ಯಾ ಅವರ ಹತ್ತಿರ ಹೋಗಿದ್ದೆ, ಆ ಮಾತ್ರೆ ಬರೆದವರೇ ಅವರಲ್ಲವೇ. ಎಲ್ಲ ಕೇಳಿದರು. ಆ ಮಾತ್ರೆ ಇರುವಾಗ ಕಾಫಿಯನ್ನೇ ಕಡಿಮೆ ಮಾಡಿ ಎಂದು ಹೇಳಿದ್ದರಂತೆ. ಕಾಯಿಯೂ ಮಾತ್ರೆಯೂ ಒಂದೇ ಜಾತಿಯವು, ಎರಡೂ ಎದೆಯನ್ನು ಓಡಿಸುತ್ತವೆ, ಮುದುಕರ ಎದೆ ಅಷ್ಟು ಓಡಲಾರದು ಎಂದರು. "ಯಾರೋ ಒಬ್ರು ಮಾಡಿದ್ದಲ್ಲ ಅಮ್ಮ ಇದು" ಎಂದರು. ಆ ಮಾತನ್ನು ನಿನಗಾಗಿಯೇ ಜೋಪಾನ ಮಾಡಿ ತಂದೆ.

ಅಲ್ಲಿಂದ ನೇರ ಠಾಣೆಗೆ ಹೋದೆ. ಎರಡನೇ ಮಾತ್ರೆ ಕೊಟ್ಟೆ ಎಂದು ಇನ್‌ಸ್ಪೆಕ್ಟರಿಗೆ ಹೇಳಿದೆ. "ಕೊಟ್ಟಿಲ್ಲ ಅಂತಾರೆ ನಿಮ್ ಮಗಳು. ಬಾಡಿಗೆಯವನ್ನ ಉಳಿಸೋಕೆ ಅಮ್ಮ ಏನೇನೋ ಹೇಳ್ತಾರೆ, ನಂಬ್ಬೇಡಿ ಅಂತಾನೂ ಅಂದಿದಾರೆ. ಎಲ್ಲಿ ಮಾತ್ರೆ ಶೀಟು?" ಎಂದರು. ಶೀಟು ಮನೆಯಲ್ಲಿಲ್ಲ. ನೀನು ಬಂದ ದಿನ ಕಿಟಕಿಯ ಮೇಲಿತ್ತು, ನೀನು ಹೋದ ಮೇಲೆ ಇರಲಿಲ್ಲ. ನಾನು ಅದನ್ನು ಅವರಿಗೆ ಹೇಳಲಿಲ್ಲ.

"ಸರಿ ಅಜ್ಜಿ, ಕೊಡಿ ಅಂತ ಯಾರ್ ಹೇಳಿದ್ರು? ನಿಮಗೆ ಇಂಗ್ಲಿಷ್ ಓದೋಕೆ ಬರುತ್ತಾ?"

ನಾನು ಚೀಲ ಎತ್ತಿಕೊಂಡು ಎದ್ದೆ. ಅವರು ಪೆನ್ನು ಮುಚ್ಚಿಟ್ಟರು.

ನಿನ್ನ ಹೆಸರು ನಿನ್ನ ಬಾಯಿಂದಲೇ ಬರಲಿ ಎಂದು ಕಾಯುತ್ತಿದ್ದೇನೆ.

ಅಮ್ಮ

&nbsp;

ಹೊರಮಾವು
9 ಜೂನ್ 2024

ಹಂಸ,

ಮೂರು ತಿಂಗಳಾಯಿತು, ನಿನ್ನಿಂದ ಒಂದು ಗೆರೆ ಇಲ್ಲ. ಬಿಸಿಲು ಹೋಗಿ ಮಳೆ ಶುರುವಾಯಿತು. ರೈಲ್ವೆ ಕೆಳಸೇತುವೆಯಲ್ಲಿ ನೀರು ನಿಂತು ಆಟೋದವರು ಈ ಕಡೆ ಬರಲು ಒಪ್ಪುತ್ತಿಲ್ಲ.

ಇಕೆನ್ನನ ಪಾಸ್‌ಪೋರ್ಟು ಕೇಸಿನಲ್ಲಿ ಸಿಕ್ಕಿಕೊಂಡಿದೆ. ಅದು ಅಲ್ಲಿರುವಾಗಲೇ ವೀಸಾ ಮುಗಿಯಿತು. ಕಾಲೇಜಿನವರು ಪರೀಕ್ಷೆಗೆ ಕೂರಿಸಲಿಲ್ಲ. ಈಗ ಅವನನ್ನು ಊರಾಚೆ, ವೀಸಾ ಇಲ್ಲದ ಪರದೇಶದವರನ್ನು ಇಡುವ ಜಾಗಕ್ಕೆ ಹಾಕಿದ್ದಾರೆ. ನಾಜಿಶ್ ಜೊತೆ ಹೋಗಿದ್ದೆ. ನಾನು ಒಯ್ದ ಮುದ್ದೆ, ಉಪ್ಸಾರು ಬಾಗಿಲಲ್ಲೇ ಉಳಿಯಿತು. ಅವನನ್ನು ಜಾಲರಿಯ ಆಚೆ ನಿಲ್ಲಿಸಿದರು.

"ಅಜ್ಜಿ! ಊಟ ಆಯ್ತಾ?" ಎಂದ. ಕಡ್ಡಿಯಾಗಿದ್ದಾನೆ, ಕೇಳುವುದು ಮಾತ್ರ ನನ್ನ ಊಟ.

"ನನ್ದು ಬಿಡೋ. ನಿನಗೆ ಏನ್ ಹಾಕ್ತಾರೆ ಇಲ್ಲಿ?"

"ಸಾಂಬಾರ್ ಅಂತಾರೆ. ಸಾಂಬಾರ್ ಅಲ್ಲ ಅಜ್ಜಿ, ಸಾಂಬಾರ್ ಪಾತ್ರೆ ತೊಳೆದ ನೀರು."

ಕಾವಲಿನವನಿಗೂ ನಗು ಬಂತು. ಆಮೇಲೆ ಇಕೆನ್ನ ಜಾಲರಿಯ ಹತ್ತಿರ ಬಂದು ಮೆಲ್ಲಗೆ ಕೇಳಿದ. "ಅಜ್ಜಿ, ಒಂದು ವಿಷ್ಯ. ನಮ್ಮೂರಲ್ಲಿ ಹಂಚಿ ಆದ್ಮೇಲೆ ತಟ್ಟೆ ಮತ್ತೆ ತಂದವರ ಹತ್ರ ಬರತ್ತೆ. ನಾನು ವಾಪಸ್ ತಗೊಂಡು ಹೋಗ್ಬೇಕಿತ್ತು. ನೀವು ಒಳಗಿಟ್ಟುಬಿಟ್ರಿ. ದೊಡ್ಡೋರ ಹತ್ರ ವಾಪಸ್ ಕೊಡಿ ಅಂತ ಹೆಂಗೆ ಕೇಳೋದು? ನಾಚಿಕೆ ಆಯ್ತು. ಕೇಳಿದ್ರೆ ತಾತ ಇರ್ತಿದ್ರಾ?"

ನೋಡು ಹಂಸ, ಅವನದೊಂದು ನಾಚಿಕೆ, ನನ್ನದೊಂದು ಮರ್ಯಾದೆ, ನಿಮ್ಮಪ್ಪನ ಚಪಲ, ನಿನ್ನ ಮೀಟಿಂಗು. ಇವುಗಳಲ್ಲಿ ಯಾವುದಕ್ಕೆ ಕೋಳ ಹಾಕುತ್ತಾರೆ? ಹಾಕಿರುವುದು ಅವನೊಬ್ಬನಿಗೆ.

ಊರಿನಲ್ಲಿ ಅವನ ತಂಗಿಯ ಗಂಡನ ಮನೆಯವರಿಗೆ ವಿಷಯ ಮುಟ್ಟಿದೆಯಂತೆ. ಮದುವೆಯ ಕೋಲಾ ಕೊಟ್ಟು ಮುದುಕನನ್ನು ಕೊಂದವನ ತಂಗಿ ಎನ್ನುತ್ತಾರಂತೆ ಆ ಹುಡುಗಿಯನ್ನು. ಅವಳು ಈಗ ಬಸುರಿ.

"ಹಂಸಕ್ಕ ಬಂದ್ರಾ ಮನೆಗೆ?" ಎಂದು ಕೇಳಿದ, ಹೊರಡುವಾಗ. ಬಂದಿಲ್ಲ ಎಂದೆ. "ಅವ್ರಿಗೆ ಅಪ್ಪ ಅಲ್ವಾ ಅಜ್ಜಿ, ಕೋಪ ಇರತ್ತೆ" ಎಂದ.

ಅಮ್ಮ

&nbsp;

ಜೀವನ್ ಬಿಮಾ ನಗರ
2 ಜುಲೈ 2024

ಅಮ್ಮ,

ನಿನ್ನ ಕಾಗದಗಳನ್ನು ಆಫೀಸಿನ ಬಾತ್‌ರೂಮಿನಲ್ಲಿ ನಿಂತು ಓದುತ್ತೇನೆ. ಓದಿ, ಹರಿದು, ನೀರು ಬಿಡುತ್ತೇನೆ. ಕಟ್ಟಿಕೊಂಡ ಗಂಡ ಪ್ರೇಮ್‌ಕುಮಾರ್‌ಗೂ ಏನೂ ಗೊತ್ತಿಲ್ಲ.

ಹೌದು, ಕೊಡು ಎಂದೆ. ಇಲ್ಲಿ ಬರೆಯುತ್ತಿದ್ದೇನೆ, ಇನ್ನೆಲ್ಲೂ ಹೇಳುವುದಿಲ್ಲ. ಮೀಟಿಂಗ್ ಇರಲಿಲ್ಲ ಅಮ್ಮ. ಊಟಕ್ಕೆ ಕೂತಿದ್ದೆ, ನನ್ನ ಕೆಳಗೆ ಕೆಲಸ ಮಾಡುವ ಹುಡುಗಿಯರು ಯಾವುದೋ ಜೋಕು ಹೇಳುತ್ತಿದ್ದರು. ಅದರ ಕೊನೆ ತಪ್ಪಿಹೋಗುತ್ತದೆ ಎಂದು ನಿನ್ನ ಫೋನು ಬೇಗ ಇಟ್ಟೆ. ಅಪ್ಪ ಹೋದಾಗ ನಾನು ನಗುತ್ತಿದ್ದೆ.

ಡಾಕ್ಟರು ನಿನಗೆ ಹೇಳಿದ್ದು ನನಗೆ ಅದೇ ದಿನ ಗೊತ್ತಾಯಿತು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಮೊಬೈಲಿನಲ್ಲಿ ಆ ಕಾಯಿಯ ಬಗ್ಗೆ ಓದಿದೆ, ಆಮೇಲೆ ಆ ಮಾತ್ರೆಯ ಬಗ್ಗೆ ಓದಿದೆ. ಓದಿ ಮುಗಿಸಿದ ಮೇಲೆ ಪೊಲೀಸರಿಗೆ ಬರೆದುಕೊಟ್ಟೆ. ನಾನು ಎಂಥವಳು ಎಂದು ನಿನಗೆ ಈಗ ತಿಳಿಯಿತು.

ಆದರೆ ಈಗ ಹೇಳಿದರೆ? ಅತ್ತೆ ಶ್ವೇತಳ ಮುಂದೆ ಏನೆನ್ನುತ್ತಾರೆ? ಅಪ್ಪನನ್ನು ತಿಂದವಳು ಎನ್ನುತ್ತಾರೆ. ಸುಳ್ಳು ದೂರು ಕೊಟ್ಟವಳು ಎಂದು ಕೆಲಸ ಹೋಗುತ್ತದೆ, ಕೇಸೂ ಬೀಳುತ್ತದೆ. ಆ ಹುಡುಗನನ್ನು ಹೇಗಿದ್ದರೂ ಅವನ ದೇಶಕ್ಕೆ ಕಳಿಸುತ್ತಾರೆ. ಅವನಿಗೆ ಹೋಗಲು ಒಂದು ದೇಶ ಇದೆ. ನನಗೆ ಇರುವುದು ಇದೊಂದು ಮನೆ.

ಅಮ್ಮ, ನೀನು ನನ್ನನ್ನು ಹೆತ್ತವಳು. ಅವನನ್ನಲ್ಲ. ಕಾಲಿಗೆ ಬೀಳುತ್ತೇನೆ. ಸುಮ್ಮನಿದ್ದುಬಿಡು.

ಹಂಸ

&nbsp;

ಹೊರಮಾವು
25 ಆಗಸ್ಟ್ 2024

ಕಂದ,

ನಿನ್ನ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯಲಿಲ್ಲ. ಸುಮ್ಮನಿರು ಎಂದೆಯಲ್ಲ, ಸುಮ್ಮನಿರುವುದನ್ನು ಕಲಿಯುತ್ತಿದ್ದೆ. ಅಕ್ಷರಕ್ಕಿಂತ ಅದು ಕಷ್ಟ. ನಿನ್ನನ್ನು ಹೆತ್ತವಳು ನಾನು ಎಂಬ ಮಾತನ್ನು ದಿನಾ ಪಾತ್ರೆ ಉಜ್ಜುವಾಗ ಹೇಳಿಕೊಂಡೆ. ಊಟಕ್ಕೆ ಕೂತಿದ್ದು, ನಕ್ಕಿದ್ದು ಪಾಪವಲ್ಲ. ಬದುಕಿರುವವರು ಮಧ್ಯಾಹ್ನ ಊಟ ಮಾಡುತ್ತಾರೆ, ನಗುತ್ತಾರೆ. ಅದನ್ನು ನೀನು ನನ್ನ ಮಡಿಲಲ್ಲಿ ಅತ್ತು ಮುಗಿಸಬೇಕಿತ್ತು. ಠಾಣೆಯಲ್ಲಿ ಮುಗಿಸಲು ಹೋದೆ.

ಲ್ಯಾಬಿನ ವರದಿ ಬಂದಿದೆ. ಕೇಳಿದ್ದನ್ನು ಮಾತ್ರ ನೋಡಿದ್ದಾರೆ. ಕಾಯಿಯ ಸತ್ವ ಮೈಯಲ್ಲಿತ್ತೇ? ಇತ್ತು. ಮಾತ್ರೆಯನ್ನು ಯಾರೂ ಹುಡುಕಲಿಲ್ಲ, ಯಾರೂ ಹೇಳಿರಲಿಲ್ಲವಲ್ಲ. "ಚಾರ್ಜ್‌ಶೀಟ್ ಹಾಕ್ತೀವಿ ಅಜ್ಜಿ" ಎಂದರು ಇನ್‌ಸ್ಪೆಕ್ಟರು. ಹಾಗೆ ಮಾಡಿದರೆ ಅವನನ್ನು ದೇಶಕ್ಕೂ ಕಳಿಸುವುದಿಲ್ಲ, ಕೇಸು ಮುಗಿಯುವವರೆಗೆ ಜೈಲೇ ಅಂತೆ. ನೀನು ಬರೆದ ಹಾಗಲ್ಲ. ನನ್ನ ಕೈಯಲ್ಲಿ ನಾಜಿಶ್ ಎರಡು ಸಲ ಕೇಳಿಸಿ ಖಚಿತ ಮಾಡಿಕೊಂಡಳು.

ಹೋದ ಭಾನುವಾರ ಕೆ.ಆರ್. ಪುರಂನಿಂದ ಇಕೆನ್ನನ ಕಡೆಯ ಇಬ್ಬರು ಬಂದಿದ್ದರು. ಒಬ್ಬರಿಗೆ ತಲೆ ಪೂರ್ತಿ ನರೆತಿದೆ, ಅಲ್ಲಿ ಬಟ್ಟೆ ವ್ಯಾಪಾರವಂತೆ. ಗೇಟಿನ ಹೊರಗೇ ನಿಂತಿದ್ದರು, ಒಳಗೆ ಬರಬಹುದೋ ಬಾರದೋ ಎಂದು. ಅಕ್ಕಪಕ್ಕದವರು ಬಾಲ್ಕನಿಗೆ ಬಂದು ನೋಡಿದರು. ನಾನು ಹೋಗಿ ಕರೆದೆ. ಕೇಸಿನ ಮಾತಾಡಲು ಬಂದಿದ್ದಾರೆ ಎಂದುಕೊಂಡು ಎದೆ ಗಟ್ಟಿ ಮಾಡಿಕೊಂಡು ಕೂತೆ. ಅವರು ಬಂದದ್ದು ಅದಕ್ಕಲ್ಲ. ನಿಮ್ಮಪ್ಪ ಸತ್ತದ್ದಕ್ಕೆ ಮಾತಾಡಿಸಲು ಬಂದಿದ್ದರು. ಮೊದಲೇ ಬರಬೇಕಿತ್ತು, ಭಯವಾಯಿತು, ಕ್ಷಮಿಸಿ ಎಂದರು. ನಾಜಿಶ್ ಅವರ ಇಂಗ್ಲಿಷನ್ನು ನನಗೆ ಹೇಳುತ್ತಿದ್ದಳು.

ಆ ನರೆತ ತಲೆಯವರು ಜೇಬಿನಿಂದ ಒಂದು ಕೋಲಾ ತೆಗೆದರು. ಒಂದೇ ಒಂದು. ನಾನು ಕುರ್ಚಿ ಹಿಂದಕ್ಕೆ ಸರಿಸಿದೆ. ಅವರೂ ಅದನ್ನು ಮುಂದೆ ಚಾಚದೆ ಅಂಗೈಯಲ್ಲೇ ಹಿಡಿದುಕೊಂಡರು. ಈ ಮನೆಗೆ ಇದನ್ನು ತರಬಾರದಿತ್ತೋ ಏನೋ, ಆದರೆ ಸತ್ತವರ ಮನೆಗೆ ಬರಿಗೈಯಲ್ಲಿ ಬರುವುದು ನಮಗೆ ಗೊತ್ತಿಲ್ಲ ಎಂದರು. ಅವರಲ್ಲಿ ಇದನ್ನು ಗಂಡಸರೇ ಹರಸಿ ಒಡೆಯಬೇಕಂತೆ, ಹೆಂಗಸರು ಒಡೆಯುವಂತಿಲ್ಲ.

"ಮನೆಯಲ್ಲಿ ಗಂಡಸರು ಇಲ್ವಾ ಅಂತ ಕೇಳ್ತಿದಾರೆ ಅಜ್ಜಿ" ಎಂದಳು ನಾಜಿಶ್.

"ಇದ್ದೋರು ಫೋಟೋದಲ್ಲಿದಾರೆ ಅನ್ನು."

ಅವರು ಎದ್ದು ಫೋಟೋದ ಮುಂದೆ ಹೋಗಿ ನಿಂತರು. ತಮ್ಮ ಭಾಷೆಯಲ್ಲಿ ಬಹಳ ಹೊತ್ತು ಮಾತಾಡಿದರು, ಪಕ್ಕದ ಊರಿನ ನೆಂಟನ ಜೊತೆ ಮಾತಾಡಿದ ಹಾಗೆ. ನಡುವೆ "ಮುನಿಆಂಜನಪ್ಪ" ಎಂದು ನಿಮ್ಮಪ್ಪನ ಹೆಸರು ಬಂತು. ಇಕೆನ್ನ ಬರೆದು ಕಳಿಸಿದ್ದನಂತೆ, ಬಾಯಿಪಾಠ ಮಾಡಿಕೊಂಡು ಬಂದಿದ್ದರು. ಆಮೇಲೆ ಒಡೆದು ಮೊದಲ ಚೂರನ್ನು ನನ್ನ ಮುಂದೆ ಹಿಡಿದರು. ಇದನ್ನು ಹಂಚಿಕೊಂಡವರು ಒಬ್ಬರಿಗೊಬ್ಬರು ಕೇಡು ಬಗೆಯುವುದಿಲ್ಲ ಎಂದರು. ಬೇಡವಾದರೆ ಬೇಡ, ನಮಗೆ ಬೇಸರವಿಲ್ಲ ಎಂದೂ ಹೇಳಿದರು.

ನಮ್ಮಲ್ಲಿ ವೀಳ್ಯ ಎತ್ತಿಕೊಂಡರೆ ಆ ಕೆಲಸ ಒಪ್ಪಿಕೊಂಡ ಹಾಗೆ. ಮದುವೆಗಾಗಲಿ, ಯುದ್ಧಕ್ಕಾಗಲಿ. ಎತ್ತಿಕೊಂಡ ಮೇಲೆ ಮನೆಯಲ್ಲಿ ಕೂರುವಂತಿಲ್ಲ. ಅದು ಅವರಿಗೆ ಗೊತ್ತಿಲ್ಲ, ಪಾಪ. ನನಗೆ ಗೊತ್ತಿತ್ತು ಹಂಸ. ಕೈ ಚಾಚುವಾಗ ನನಗೆ ಚೆನ್ನಾಗಿ ಗೊತ್ತಿತ್ತು.

ತಿಂದೆ.

ಗೌರಿ ಹಬ್ಬದ ಹಿಂದಿನ ದಿನದವರೆಗೆ ಕಾಯುತ್ತೇನೆ. ಅಷ್ಟರಲ್ಲಿ ನೀನೇ ಹೋಗಿ ಹೇಳು. ತಾನಾಗಿ ಬಂದು ಹೇಳಿದವರನ್ನು ಎಲ್ಲರೂ ಬೇರೆ ಕಣ್ಣಿನಿಂದ ನೋಡುತ್ತಾರೆ. ನಾನು ಜೊತೆಗೆ ಬರುತ್ತೇನೆ. ನಿಮ್ಮತ್ತೆಯ ಮುಂದೆಯೂ ಬಂದು ನಿಲ್ಲುತ್ತೇನೆ, ಬೈಯುವುದನ್ನು ಮೊದಲು ನನ್ನನ್ನು ಬೈಯಲಿ.

ಅಮ್ಮ

&nbsp;

ಜೀವನ್ ಬಿಮಾ ನಗರ
6 ಸೆಪ್ಟೆಂಬರ್ 2024

ಹಂಸ,

ಮೇಲೆ ಬರೆದಿರುವ ಊರು ನೋಡಿ ಗಾಬರಿಯಾಗಬೇಡ. ನಿಮ್ಮ ಬಿಲ್ಡಿಂಗಿನ ಎದುರು ಪಾರ್ಕಿನ ಕಲ್ಲು ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ನಾಳೆ ನಾಳಿದ್ದು ಅಂಚೆ ಇಲ್ಲ. ಠಾಣೆಯವರು ಬರುವುದಕ್ಕೆ ಮೊದಲು ಇದು ನಿನ್ನ ಕೈ ಸೇರಬೇಕು, ಅದಕ್ಕೆ ನಾನೇ ತಂದೆ.

ನೀನು ಬರಲಿಲ್ಲ, ಬರೆಯಲಿಲ್ಲ. ನಿನ್ನೆ ಸಂಜೆಯವರೆಗೆ ಗೇಟು ನೋಡಿದೆ. ಆಮೇಲೆ ಸೆರಗು ಹೊದ್ದು ಠಾಣೆಗೆ ಹೋದೆ.

ಇನ್‌ಸ್ಪೆಕ್ಟರು ಪಾಪ ಒಳ್ಳೆಯವರೇ. ಹಬ್ಬಕ್ಕೆ ಹೊರಡುವ ಆತುರದಲ್ಲಿದ್ದರು, ಆದರೂ ಕೂರಿಸಿದರು. "ಮತ್ತೆ ಬಂದ್ರಾ ಅಜ್ಜಿ? ಹೇಳಿ" ಎಂದರು. ಎಲೆ, ಸುಣ್ಣ, ಕಾಯಿ, ನಿಮ್ಮಪ್ಪ ನಿನ್ನಿಂದ ಮುಚ್ಚಿಟ್ಟದ್ದು, ಫೋನು, ಎರಡನೇ ಮಾತ್ರೆ, ಎಲ್ಲ ಹೇಳಿದೆ. ಅವರು ಅದೇ ಪ್ರಶ್ನೆ ಕೇಳಿದರು, ಕೊಡಿ ಎಂದು ಯಾರು ಹೇಳಿದರು ಎಂದು. ಹೇಳಿದೆ. ಶೀಟು ಯಾರು ತೆಗೆದುಕೊಂಡು ಹೋದರು ಎಂದರು. ಅದನ್ನೂ ಹೇಳಿದೆ.

"ಅಜ್ಜಿ, ಇದನ್ನ ಬರೆದ್ಮೇಲೆ ಅಳಿಸೋಕಾಗಲ್ಲ. ಸ್ವಂತ ಮಗಳು. ಯೋಚ್ನೆ ಮಾಡಿದೀರಾ?"

"ಯೋಚ್ನೆ ಮಾಡೋಕೆ ಇನ್ನೇನೂ ಉಳಿದಿಲ್ಲ ಸಾಮಿ, ಬರ್ಕೊಳ್ಳಿ" ಎಂದೆ.

ನಿನ್ನ ಕಾಗದ ತೋರಿಸಲಿಲ್ಲ. ನನ್ನನ್ನು ನಂಬಿ ಬರೆದದ್ದು ಅದು, ಮೊನ್ನೆಯೇ ಒಲೆಗೆ ಹಾಕಿದೆ. ನನ್ನ ಬಾಯಿಂದ ಎಷ್ಟು ಹೇಳಬೇಕೋ ಅಷ್ಟು ಹೇಳಿದ್ದೇನೆ. ಉಳಿದದ್ದು ನಿನ್ನದು. ಡಾಕ್ಟರ್ ಸುರಯ್ಯಾ ಬರೆದುಕೊಡಲು ಒಪ್ಪಿದ್ದಾರೆ. ಲ್ಯಾಬಿನಲ್ಲಿ ಇಟ್ಟಿರುವ ರಕ್ತದಲ್ಲಿ ಮಾತ್ರೆಯನ್ನೂ ಹುಡುಕಿಸುತ್ತಾರಂತೆ. ಹಬ್ಬ ಕಳೆದು ಸೋಮವಾರ ನಿನ್ನನ್ನು ಕೇಳಲು ಮನೆಗೆ ಬರುತ್ತಾರೆ.

ಇಕೆನ್ನನಿಗೆ ಇದರಿಂದ ಸಿಗುವುದು ಬಹಳ ಏನೂ ಇಲ್ಲ ಎಂದು ನನಗೆ ಗೊತ್ತು. ಕಾಲೇಜು ಹೋಯಿತು, ವರ್ಷ ಹೋಯಿತು. ವಿಮಾನ ಹತ್ತಿಸಿ ಕಳಿಸುತ್ತಾರೆ. ಕೊಲೆಗಾರ ಎನ್ನಿಸಿಕೊಳ್ಳದೆ ಹೋಗುತ್ತಾನೆ, ಅಷ್ಟೇ. ಅಷ್ಟಕ್ಕಾಗಿ ಮಗಳನ್ನು ಕೊಟ್ಟೆಯಾ ಎಂದು ನೀನು ಕೇಳಬಹುದು. ರಾಗಿ ಬೀಸುವಾಗ ನಾನೇ ಕೇಳಿಕೊಂಡಿದ್ದೇನೆ. ಅದು ಅಷ್ಟಕ್ಕಲ್ಲ ಎಂದು ಮಾತ್ರ ಗೊತ್ತು, ಏನಕ್ಕೆ ಎಂದು ಬರೆಯುವಷ್ಟು ಅಕ್ಷರ ನನಗೆ ಬಾರದು.

ಅವರು ಬಂದರೆ ಹೆದರಬೇಡ. ಅಮ್ಮ ಫೋನು ಮಾಡಿದಳು, ಕೊಡು ಎಂದೆ, ಕಾಯಿಯ ವಿಷಯ ನನಗೆ ಗೊತ್ತಿರಲಿಲ್ಲ ಎನ್ನು. ಅದು ನಿಜ. ದೂರು ಯಾಕೆ ಕೊಟ್ಟೆ ಎಂದರೆ, ಅಪ್ಪ ಸತ್ತಿದ್ದರು ಎನ್ನು. ಅದೂ ನಿಜ.

ಇವತ್ತು ಗೌರಿ. ತವರಿನಿಂದ ನಿನಗೆ ಮೊರದ ಬಾಗಿನ ಬರಬೇಕಾದ ದಿನ. ನಮಗೆ ಈ ವರ್ಷ ಹಬ್ಬವಿಲ್ಲ, ಬರಿಗೈಯಲ್ಲಿ ಬಂದಿದ್ದೇನೆ. ಆದರೂ ಪಕ್ಕದ ಬೆಂಚಿನ ಹೆಂಗಸು ನಾನು ನಿಮ್ಮ ಬಿಲ್ಡಿಂಗನ್ನೇ ನೋಡುವುದನ್ನು ಕಂಡು, "ಮಗಳ ಮನೆಗಾ?" ಎಂದಳು. ಹೌದು ಎಂದೆ. "ಹೋಗಿ ಮತ್ತೆ, ಇಲ್ಯಾಕ್ ಕೂತಿದೀರ?" ಎಂದಳು. ಬಿಸಿಲು ಇಳಿಯಲಿ ಎಂದೆ.

ಬಿಸಿಲು ಇಳಿಯಿತು. ನಿನ್ನ ಬಾಲ್ಕನಿ ಇಲ್ಲಿಂದ ಕಾಣುತ್ತದೆ. ಶ್ವೇತಳ ಯೂನಿಫಾರ್ಮು ಒಣಗಿದೆ. ನೀನು ಹೊರಗೆ ಬಂದು ಅದನ್ನು ತೆಗೆಯುವಾಗ ಕೆಳಗೆ ನೋಡಿದೆ. ನಾನು ಕೈ ಎತ್ತಿದೆ. ನೀನು ನನ್ನನ್ನು ನೋಡಿದೆ ಹಂಸ, ಕನ್ನಡಕವಿಲ್ಲದೆಯೂ ನನಗೆ ಅಷ್ಟು ಗೊತ್ತಾಗುತ್ತದೆ. ಬಟ್ಟೆ ಎದೆಗೆ ಒತ್ತಿಕೊಂಡು ಒಳಗೆ ಹೋದೆ. ಬಾಗಿಲು ಹಾಕಿಕೊಂಡಿತು. ಈಗ ಪರದೆಯನ್ನೂ ಎಳೆದೆ.

ಇದನ್ನು ವಾಚ್‌ಮನ್ ಕೈಯಲ್ಲಿ ಕೊಡುತ್ತೇನೆ. ಯಾರು ಕೊಟ್ಟರು ಎಂದು ಹೇಳಲಿ ಎಂದು ಕೇಳುತ್ತಿದ್ದಾನೆ. ಹೊರಮಾವಿನವರು ಅನ್ನು ಎಂದಿದ್ದೇನೆ.

ಮುನಿಶಾಮಮ್ಮ